ಹೆಣೆದ ಸ್ವೆಟರಿನ ಅಂಚು ಸುತ್ತಿಕೊಳ್ಳುವುದೇಕೆ?



ಚಳಿಗಾಲಕ್ಕೆಂದು ಸಾಂಗಲಿ-ಮಿರಜದ ಸದಸ್ಯೆಯರು ಹೆಣೆದುಕೊಟ್ಟ ಕೂಸಿನ ಸ್ವೆಟರು, ಕುಲಾವಿಗಳನ್ನು ಎಣಿಸಿ ಕಟ್ಟಿಡುವಾಗ ಹಲವು ಸ್ವೆಟರುಗಳ ಕೆಳಗಿನ ಅಂಚು ಚಾಪೆಯಂತೆ ಮೇಲಕ್ಕೆ ಸುತ್ತಿಕೊಂಡದ್ದನ್ನು ಕಂಡೆವು. ಹಿರಿಯ ಸದಸ್ಯೆಯೊಬ್ಬರು ‘ವಯಸ್ಸಾಯಿತು, ಕೈ ಕೆಟ್ಟಿತು’ ಎಂದು ಕಡ್ಡಿಗಳನ್ನೇ ಬೇರೆಯವರಿಗೆ ಕೊಡಲು ಹೊರಟಿದ್ದರು. ಅಥಣಿ, ಕಾಗವಾಡ, ಜತ್ತ ಕಡೆಯಿಂದ ಮಿರಜದ ಆಸ್ಪತ್ರೆಗಳಿಗೆ ಹೆರಿಗೆಗೆ ಬರುವವರಿದ್ದಾರೆ. ಅಂಚು ಮೇಲೇರಿದರೆ ಕೂಸಿನ ಹೊಟ್ಟೆ ಥಂಡಿಗೆ ಬಯಲಾಗುತ್ತದೆ. ಆದ್ದರಿಂದ ಇದು ಬರೀ ಚಂದದ ಮಾತಲ್ಲ.

ದೋಷ ಕೈಯದಲ್ಲ, ಹೆಣಿಗೆಯ ಗುಣವೇ ಅದು. ಇಚಲಕರಂಜಿಯ ಮಗ್ಗದ ಬಟ್ಟೆಯಲ್ಲಿ ನೂಲು ಹಾಸುಹೊಕ್ಕಾಗಿ ನೇರ ಓಡುತ್ತದೆ, ಅಂಚು ಸುಮ್ಮನಿರುತ್ತದೆ. ಹೆಣಿಗೆಯಲ್ಲಿ ನೂಲು ಬಾಗಿ ಕುಣಿಕೆಯಾಗಿರುತ್ತದೆ. ಬಾಗಿದ್ದು ನೇರವಾಗಲು ಎಳೆಯುತ್ತದೆ. ಒಂದು ಸಾಲು ಸುಲಟ್, ಒಂದು ಸಾಲು ಉಲಟ್ ಹೆಣೆದಾಗ (ನಮ್ಮ ಕಡೆ ಈ ಮರಾಠಿ ಮಾತುಗಳೇ ಬಳಕೆ) ಮುಂಭಾಗದಲ್ಲಿ ನುಣುಪು, ಹಿಂಭಾಗದಲ್ಲಿ ಗಂಟುಗಂಟು. ಎರಡೂ ಬದಿಯ ಎಳೆತ ಸಮನಾಗಿಲ್ಲ. ನಡುವೆ ಅಕ್ಕಪಕ್ಕದ ಟಾಕೆಗಳು ಹಿಡಿದಿರುತ್ತವೆ, ಅಂಚಿನಲ್ಲಿ ಹಿಡಿಯುವವರಿಲ್ಲ. ಹೀಗಾಗಿ ಮೇಲಿನ-ಕೆಳಗಿನ ಅಂಚು ಮುಂದಕ್ಕೂ ಪಕ್ಕದ ಅಂಚು ಹಿಂದಕ್ಕೂ ಸುತ್ತುತ್ತದೆ. ಹಳೆ ಬನಿಯನ್ನನ್ನು ಕತ್ತರಿಸಿ ನೋಡಿ, ಅದೂ ಸುತ್ತುತ್ತದೆ. ಅದೂ ಹೆಣಿಗೆಯೇ.

ಉಪಾಯವೆಂದರೆ ಅಂಚಿನಲ್ಲಿ ಸುಲಟ್-ಉಲಟ್ ಬೆರೆಸುವುದು. ಎಳೆತಕ್ಕೆ ಎಳೆತ ಸರಿಹೋಗುತ್ತದೆ. ಕೆಳಗಿನ ಅಂಚು, ತೋಳಿನ ತುದಿ, ಕುತ್ತಿಗೆಗೆ ಎರಡು ಸುಲಟ್ ಎರಡು ಉಲಟ್ ಪಟ್ಟಿ ಒಳ್ಳೆಯದು. ಟಾಕೆಗಳ ಸಂಖ್ಯೆ ನಾಲ್ಕರಿಂದ ಭಾಗವಾಗುವಂತಿದ್ದರೆ ಪ್ರತಿ ಸಾಲೂ ಒಂದೇ ಲೆಕ್ಕ. ಗುಂಡಿ ಹಾಕುವ ಮುಂಬದಿಗೆ ಎಲ್ಲ ಸಾಲೂ ಸುಲಟ್ ಆದರೆ ಸಾಕು. ಎರಡು-ಮೂರು ಟಾಕೆಯ ಪಟ್ಟಿ ಮಾತ್ರ ತಾನೇ ಮಡಚಿಕೊಳ್ಳುತ್ತದೆ, ಐದಾರಾದರೂ ಇರಲಿ. ಪಟ್ಟಿಗೆ 12ನೇ ನಂಬರು, ಮೈಗೆ 10ನೇ ನಂಬರು ಕಡ್ಡಿ ಎಂದು ನಮ್ಮ ಸದಸ್ಯೆಯರ ರೂಢಿ. ನಮ್ಮ ಅಂಗಡಿಗಳ ಕಡ್ಡಿಯಲ್ಲಿ ನಂಬರು ಹೆಚ್ಚಾದಷ್ಟು ಕಡ್ಡಿ ತೆಳುವಾಗುತ್ತದೆ. ಮೊಬೈಲ್ ನೋಡಿ ಹೆಣೆಯುವವರು ಅಲ್ಲಿಯ ಮಿಲಿಮೀಟರ್ ಲೆಕ್ಕದೊಂದಿಗೆ ಬೆರೆಸಬಾರದು. ಕುಲಾವಿಯ ಅಂಚು ಬೇಕೆಂದೇ ಸುತ್ತಿಕೊಳ್ಳಲು ಬಿಡುವವರೂ ಇದ್ದಾರೆ. ಅದು ನಮಗೂ ಚಂದವೇ ಕಂಡಿತು.

ಹೆಣೆದು ಮುಗಿದಿದ್ದರೆ ಬಿಚ್ಚಬೇಕಿಲ್ಲ. ಕೆಳಗಿನ ಅಂಚಿನುದ್ದಕ್ಕೂ ಹೊಸದಾಗಿ ಟಾಕೆ ಎತ್ತಿಕೊಂಡು ಒಂದೂವರೆ ಇಂಚು ಪಟ್ಟಿ ಇಳಿಸಿ, ಕೊನೆಯ ಸಾಲನ್ನು ಸಡಿಲವಾಗಿ ಮುಗಿಸಿ.

ಇಸ್ತ್ರಿಯಿಂದ ಕೂರಿಸಬಹುದೇ ಎಂದು ಹಲವರು ಕೇಳಿದರು. ಕಚೇರಿಯಲ್ಲಿ ಸುತ್ತಿಟ್ಟ ನಕಾಶೆ ಬಿಚ್ಚಿ ನಾಲ್ಕು ಮೂಲೆಗೆ ಪೇಪರ್‌ವೇಟ್ ಇಡುತ್ತಿದ್ದೆವು, ತೆಗೆದೊಡನೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಇದೂ ಹಾಗೆಯೇ. ಶುದ್ಧ ಉಣ್ಣೆಯಾದರೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಒತ್ತಿ, ಚಾದರದ ಮೇಲೆ ಹರಡಿ ಪಿನ್ ಚುಚ್ಚಿ ನೆರಳಲ್ಲಿ ಒಣಗಿಸಿದರೆ ಮುಂದಿನ ಒಗೆತದವರೆಗೆ ಅಂಚು ಬಹುಮಟ್ಟಿಗೆ ಕೂಡುತ್ತದೆ. ಆದರೆ ಪೇಟೆಯ ಅಗ್ಗದ ‘ಉಲ್ಲನ್’ ಹೆಚ್ಚಾಗಿ ಅಕ್ರಿಲಿಕ್. ಅದಕ್ಕೆ ಬಿಸಿ ಇಸ್ತ್ರಿ ತಗುಲಿದರೆ ನೂಲು ಸತ್ತಂತಾಗಿ ಜೋಲುತ್ತದೆ, ಮತ್ತೆ ಸರಿಯಾಗದು. ಉಂಡೆಯ ಲೇಬಲ್ ಓದಿ, ಸ್ವೆಟರಿನ ಜೊತೆಗೇ ಕಳಿಸಿ.

ಪಿನ್ ಎಷ್ಟು ಚುಚ್ಚಿದಿರಿ ಎಂದು ಚೀಟಿಯಲ್ಲಿ ಬರೆದಿಡಿ. ತೆಗೆದಾಗ ಅಷ್ಟೇ ಇವೆಯೇ ಎಂದು ಎಣಿಸಿದ ಮೇಲೆಯೇ ಸ್ವೆಟರು ಮಡಚಿ.