ಕ್ಲಾರಿಯೊನೆಟ್ಟಿನ ನಾಲಗೆ: ಜೊಂಡೋ, ಪ್ಲಾಸ್ಟಿಕ್ಕೋ?

ಕ್ಲಾರಿಯೊನೆಟ್ ಕಲಿಯತೊಡಗಿದವನ ವಾದ್ಯವು ಮೊದಲ ವಾರಗಳಲ್ಲಿ ನುಡಿಯುವುದಕ್ಕಿಂತ ಕಿರುಚುವುದೇ ಹೆಚ್ಚು. ಅದಕ್ಕೆ ಕಾರಣ ತನ್ನ ತುಟಿಯೋ, ಬೆರಳೋ, ಅಥವಾ ವಾದಕರು ರೀಡು ಎಂದು ಕರೆಯುವ ವಾದ್ಯದ ನಾಲಗೆಯೋ ಎಂಬುದು ಅವನಿಗೆ ತಿಳಿಯದು. ತನ್ನನ್ನೇ ಹಳಿದುಕೊಂಡು ವಾದ್ಯವನ್ನು ಅಟ್ಟಕ್ಕೇರಿಸಿದವರೂ ಉಂಟು. ಎಂತಹ ರೀಡನ್ನು ಕೊಳ್ಳಬೇಕೆಂಬ ಪ್ರಶ್ನೆಯನ್ನು ನಾವು ಈ ಸಂಕಟದ ಕಡೆಯಿಂದಲೇ ನೋಡೋಣ.

ರೀಡೆಂಬುದು ಮೌತ್‌ಪೀಸಿಗೆ ಬಿಗಿದ ಚಪ್ಪಟೆಯಾದ ಪಟ್ಟಿ. ಅದರ ತುದಿಯ ದಪ್ಪ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು. ಊದಿದಾಗ ಈ ತುದಿಯು ಕದದಂತೆ ಮುಚ್ಚುತ್ತ ತೆರೆಯುತ್ತ ಉಸಿರನ್ನು ಬಿಡಿಬಿಡಿಯಾಗಿ ಒಳಬಿಡುತ್ತದೆ. ಸೆಕೆಂಡಿಗೆ 440 ಕಂಪನಗಳ ಸ್ವರ ಬೇಕಾದರೆ ಅದು ಅಷ್ಟೇ ಸಲ ಕಂಪಿಸಬೇಕು. ಆ ವೇಗವನ್ನು ಬಹುಮಟ್ಟಿಗೆ ಗೊತ್ತುಪಡಿಸುವುದು ಕೊಳವೆಯೊಳಗಿನ ಗಾಳಿಯ ಕಂಬ. ಅದರ ತಾಳಕ್ಕೆ ಬಳುಕಬೇಕಾದುದು ರೀಡು. ಅದರ ಒಂದು ಅಂಚು ಗಡುಸಾಗಿ ಮತ್ತೊಂದು ಮೆತ್ತಗಿದ್ದರೆ ಸ್ವರ ಕೆಡುತ್ತದೆ.

ಇದಕ್ಕಾಗಿ ಬಹುಕಾಲದಿಂದ ಬಳಸುತ್ತ ಬಂದಿರುವುದು ಅರುಂಡೊ ಡೊನಾಕ್ಸ್ ಎಂಬ ಜೊಂಡು. ಇದು ಬಿದಿರಿನಂತೆಯೇ ಹುಲ್ಲಿನ ವಂಶದ್ದು. ದಕ್ಷಿಣ ಫ್ರಾನ್ಸಿನ ವಾರ್ ಸೀಮೆಯ ಬೆಳೆ ಇದಕ್ಕೆ ಹೆಸರಾಗಿದೆ. ಅದರ ನಾರುಗಳು ಯಂತ್ರ ಎಳೆದ ಗೆರೆಗಳಲ್ಲ. ಆದುದರಿಂದ ಒಂದೇ ಪೆಟ್ಟಿಗೆಯ, ಒಂದೇ ಸಂಖ್ಯೆಯ ಹತ್ತು ರೀಡುಗಳು ಹತ್ತು ಬಗೆಯಾಗಿ ನುಡಿಯುತ್ತವೆ. ಒಣಗಿದಾಗ ಸೊಟ್ಟಗಾಗುತ್ತವೆ, ಮಳೆಗಾಲದಲ್ಲಿ ಒದ್ದೆಯಾಗಿಯೇ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ನಮ್ಮ ನಾಗಸ್ವರದವರು ಹೆಚ್ಚಿನ ಪೀಪಿಗಳನ್ನು ದಾರದಲ್ಲಿ ಕಟ್ಟಿ ವಾದ್ಯಕ್ಕೆ ತೂಗಬಿಟ್ಟುಕೊಳ್ಳುವುದು ಬರಿಯ ಅಲಂಕಾರಕ್ಕಲ್ಲ!

ಸಂಶ್ಲೇಷಿತ ರೀಡುಗಳಿಗೆ ಈ ಚಂಚಲತೆ ಇಲ್ಲ. ಕೆನಡದಲ್ಲಿ 1998ರಲ್ಲಿ ಆರಂಭವಾದ ಲೆಜೇರ್ ಸಂಸ್ಥೆಯು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದ ಇವನ್ನು ತಯಾರಿಸುತ್ತದೆ. ಅದರ ಸರಪಳಿಯಂತಹ ಅಣುಗಳು ಒಂದೇ ದಿಕ್ಕಿಗೆ ಸಾಲುಗೊಂಡಿರುವುದರಿಂದ, ಜೊಂಡಿನ ನಾರಿನಂತೆ ಉದ್ದಕ್ಕೆ ಗಡುಸು, ಅಡ್ಡಕ್ಕೆ ಮೆದು. ಇವನ್ನು ನೆನೆಸಬೇಕಾಗಿಲ್ಲ, ತಿಂಗಳುಗಟ್ಟಲೆ ಬಾಳುತ್ತವೆ. ಆದರೆ ಒಂದರ ಬೆಲೆ ಜೊಂಡಿನ ಒಂದು ಪೆಟ್ಟಿಗೆಯ ಬೆಲೆಯನ್ನು ಮುಟ್ಟುವುದುಂಟು; ನಾದದಲ್ಲಿ ಜೊಂಡಿನ ತುಂಬುತನ ಇಲ್ಲವೆಂದು ಹಲವು ವಾದಕರ ದೂರು.

ನಮ್ಮ ಅಭಿಪ್ರಾಯದಲ್ಲಿ ಕಲಿಯುವವನು ಒಂದನ್ನು ಹಿಡಿದು ಮತ್ತೊಂದನ್ನು ಬಿಡಬೇಕಾಗಿಲ್ಲ. ಎರಡು ಅಥವಾ ಎರಡೂವರೆಯ ಸಂಖ್ಯೆಯ ಜೊಂಡಿನ ರೀಡುಗಳಿರಲಿ. ಜೊತೆಗೆ ಅಷ್ಟೇ ಬಳುಕಿನ ಒಂದು ಪ್ಲಾಸ್ಟಿಕ್ ರೀಡೂ ಇರಲಿ. ತಯಾರಕರ ಸಂಖ್ಯೆಗಳು ಪರಸ್ಪರ ಹೊಂದುವುದಿಲ್ಲವಾದ ಕಾರಣ ಗುರುಗಳನ್ನು ಕೇಳಿ ಆರಿಸುವುದು ಲೇಸು. ವಾದ್ಯ ಕಿರುಚಿದೊಡನೆ ರೀಡನ್ನು ಬದಲಿಸಿ ಅದೇ ಸ್ವರವನ್ನು ಊದಿ ನೋಡಬೇಕು. ಪ್ರಯೋಗಶಾಲೆಯಲ್ಲಿ ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಪರೀಕ್ಷಿಸುವಂತೆಯೇ ಇದು. ಕಿರುಚು ನಿಂತರೆ ತಪ್ಪು ಜೊಂಡಿನದು. ನಿಲ್ಲದಿದ್ದರೆ ಮೊದಲು ಬೆರಳುಗಳನ್ನು ನೋಡಿಕೊಳ್ಳಬೇಕು: ಯಾವುದೋ ಒಂದು ರಂಧ್ರ ಪೂರ್ತಿಯಾಗಿ ಮುಚ್ಚದೆ ಉಳಿದಿರುವುದೇ ಹೆಚ್ಚು.