ಸ್ಟ್ರಾಬೆರಿ ಜಾಮ್ ಮಾಡುವಿರಾ? ಕುಕ್ಕರಿನ ಮುಚ್ಚಳ ಮುಚ್ಚುವ ಮುನ್ನ...

ಜಾಮ್ ಎಂದರೆ ಮಕ್ಕಳಿಗೆ ಪ್ರಾಣ. ಚಪಾತಿಯ ಜೊತೆ ಪಲ್ಯ ಕಟ್ಟಿಕೊಟ್ಟರೆ ಮೂಗು ಮುರಿಯುವ ಮಕ್ಕಳು, ಅದೇ ಚಪಾತಿಗೆ ಒಂದು ಚಮಚ ಜಾಮ್ ಸವರಿ ಸುರುಳಿ ಸುತ್ತಿ ಕೊಟ್ಟರೆ ಡಬ್ಬಿ ಖಾಲಿ ಮಾಡಿಕೊಂಡು ಬರುತ್ತಾರೆ. ಇದು ನನ್ನೊಬ್ಬಳ ಮನೆಯ ಕಥೆಯಲ್ಲ, ನಿಮ್ಮ ಮನೆಯಲ್ಲೂ ಹೀಗೇ ಇರಬೇಕು.

ನಮ್ಮ ರಾಣೇಬೆನ್ನೂರಿನಂಥ ಊರಿನಲ್ಲಿ ಮೊದಲು ಸ್ಟ್ರಾಬೆರಿ ಹಣ್ಣನ್ನು ಜಾಮ್ ಬಾಟಲಿಯ ಮೇಲಿನ ಚಿತ್ರದಲ್ಲಿ ನೋಡಿದ್ದೇ ಹೆಚ್ಚು. ಈಗ ಹಾಗಲ್ಲ. ಚಳಿಗಾಲ ಬಂತೆಂದರೆ ಹಣ್ಣಿನ ಅಂಗಡಿಯಲ್ಲಿ ಪುಟ್ಟ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಕೆಂಪಗೆ ಕೂತಿರುತ್ತವೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಹಾಬಳೇಶ್ವರ, ಪಂಚಗಣಿಯ ಗುಡ್ಡಗಳು ಈ ಹಣ್ಣಿಗೆ ಹೆಸರುವಾಸಿ. ಪುಣೆ–ಬೆಂಗಳೂರು ಹೆದ್ದಾರಿ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ನಮ್ಮ ಹಾವೇರಿ, ರಾಣೇಬೆನ್ನೂರಿನ ಮಗ್ಗುಲಲ್ಲೇ ಹಾಯುತ್ತದಲ್ಲ! ಮಹಾಬಳೇಶ್ವರದ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮರುವರ್ಷ, 2011ರಲ್ಲಿ, ಅದೇ ಮಾನ್ಯತೆ ನನ್ನ ತವರೂರು ಬ್ಯಾಡಗಿಯ ಮೆಣಸಿನಕಾಯಿಗೂ ಬಂತು. ಎರಡೂ ಕೆಂಪು, ಎರಡಕ್ಕೂ ಬಣ್ಣವೇ ಭಾಗ್ಯ.

ಇಷ್ಟು ಹೇಳಿ ನೇರವಾಗಿ ಜಾಮ್ ಮಾಡುವ ವಿಧಾನ ಬರೆದುಬಿಡಬಹುದಿತ್ತು. ಆದರೆ ಅದಕ್ಕೂ ಮೊದಲು ನನ್ನ ಬಲಗೈಯ ಮೇಲಿರುವ ಕಲೆಯ ಕಥೆ ಹೇಳಲೇಬೇಕು. ನಾಚಿಕೆಯಾದರೂ ಹೇಳುತ್ತೇನೆ. ನಿಮ್ಮಲ್ಲಿ ಒಬ್ಬರಾದರೂ ನನ್ನ ಹಾಗೆ ಮಾಡದಿದ್ದರೆ ಅಷ್ಟೇ ಸಾಕು.

ಅವಸರದ ಜಾಮ್

ಎರಡು ವರ್ಷದ ಹಿಂದಿನ ಮಾತು. ಫೆಬ್ರುವರಿ ತಿಂಗಳು. ಹಣ್ಣು ಅಗ್ಗವಾಗಿದೆಯೆಂದು ನಮ್ಮವರು ಒಂದು ಕಿಲೋ ತಂದಿಟ್ಟರು. ಮಗನಿಗೆ ಆಗ ಎಂಟು ವರ್ಷ. "ಅವ್ವಾ, ಜಾಮ್ ಮಾಡು" ಎಂದು ಸೆರಗು ಹಿಡಿದು ನಿಂತ. ಸಂಜೆಯೊಳಗೆ ರೊಟ್ಟಿ ಬಡಿಯಬೇಕು, ಬಟ್ಟೆ ಮಡಚಬೇಕು, ಅತ್ತೆಯವರಿಗೆ ಕಷಾಯ ಆಗಬೇಕು. ಒಲೆಯ ಮುಂದೆ ತಾಸುಗಟ್ಟಲೆ ಸೌಟು ತಿರುವುತ್ತ ನಿಲ್ಲಲು ಯಾರಿಗೆ ಪುರಸತ್ತು? ಬೇಳೆಯನ್ನು ಹತ್ತು ನಿಮಿಷದಲ್ಲಿ ಬೇಯಿಸುವ ಕುಕ್ಕರ್ ಜಾಮ್ ಬೇಯಿಸಲಾರದೇ ಎಂದುಕೊಂಡೆ. ಹಣ್ಣು ಒಂದು ಕಿಲೋ, ಸಕ್ಕರೆ ಒಂದು ಕಿಲೋ, ಎರಡನ್ನೂ ಕುಕ್ಕರಿಗೇ ಸುರಿದೆ. ಮುಚ್ಚಳ ಬಿಗಿದು ಉರಿ ದೊಡ್ಡದು ಮಾಡಿದೆ.

ಒಂದು ಸೀಟಿ ಹೊಡೆಯಿತು. ಆಮೇಲೆ ಸದ್ದೇ ಇಲ್ಲ. ಗ್ಯಾಸ್ ಮುಗಿಯುತ್ತ ಬಂದಿರಬೇಕೆಂದು ಉರಿ ಇನ್ನಷ್ಟು ಏರಿಸಿದೆ. ನೊರೆ ಉಕ್ಕಿ ಸೀಟಿಯ ಕೆಳಗಿನ ನಳಿಗೆಯಲ್ಲಿ ಸಕ್ಕರೆ ಪಾಕ ಕಟ್ಟಿಕೊಂಡಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಮಗ ಒಲೆಯ ಪಕ್ಕದ ಸ್ಟೂಲಿನ ಮೇಲೆ ನಿಂತು ಇಣುಕುತ್ತಿದ್ದ. "ಅಜ್ಜಿಗೆ ನೀರು ಕೊಟ್ಟು ಬಾ" ಎಂದು ಕಳಿಸಿದೆ. ಅವನು ಹೊಸ್ತಿಲು ದಾಟಿರಬೇಕು, ಅಷ್ಟೇ. ಸೀಟಿಯನ್ನು ಚಮಚದಿಂದ ಎತ್ತಿ ನೋಡೋಣವೆಂದು ಕೈ ಚಾಚಿದೆ. ಢಂ ಎಂದಿತು! ಸೇಫ್ಟಿ ವಾಲ್ವ್ ಕಿತ್ತು, ಕುದಿಯುವ ಪಾಕ ಚಾವಣಿಗೂ ನನ್ನ ಮುಂಗೈಗೂ ಹಾರಿತು.

ಕುದಿನೀರು ಬಿದ್ದರೆ ಹರಿದು ಹೋಗುತ್ತದೆ, ಪಾಕ ಹಾಗಲ್ಲ. ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಗಾಬರಿಯಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ, ಟೂತ್‌ಪೇಸ್ಟ್ ಹಚ್ಚಿಕೊಂಡೆ. ಮರುದಿನ ಬೊಬ್ಬೆ ಎದ್ದು ಡಾಕ್ಟರ ಹತ್ತಿರ ಹೋದಾಗ ಅವರು ಚೆನ್ನಾಗಿ ಬೈದರು. ಸುಟ್ಟ ತಕ್ಷಣ ಬಳೆ, ಉಂಗುರ ತೆಗೆದು, ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕಂತೆ. ಪೇಸ್ಟು, ತುಪ್ಪ, ಅರಿಷಿಣ, ಶಾಯಿ ಏನೂ ಹಚ್ಚಬಾರದಂತೆ. ಬೊಬ್ಬೆ ಒಡೆಯಬಾರದಂತೆ. ದಯವಿಟ್ಟು ಇದನ್ನು ನೆನಪಿಡಿ.

ಕೈ ಮಾಯಿತು. ಆದರೆ ಆ ಸ್ಟೂಲು ಕಂಡಾಗಲೆಲ್ಲ ಹೊಟ್ಟೆಯಲ್ಲಿ ಕಲಕಿದಂತಾಗುತ್ತಿತ್ತು. ಮಗನ ಮುಖ ಸರಿಯಾಗಿ ಆ ಮುಚ್ಚಳದ ಎತ್ತರಕ್ಕೇ ಇತ್ತು. ಅತ್ತೆಯವರು, "ಆ ಹಣ್ಣಿನ ಸುದ್ದಿನ ಬ್ಯಾಡವ್ವಾ ಇನ್ನ" ಎಂದರು. ನಾನೂ ಒಂದು ವರ್ಷ ಅದರ ತಂಟೆಗೆ ಹೋಗಲಿಲ್ಲ.

ಹಾವೇರಿಯ ಅಕ್ಕೋರು ಹೇಳಿದ್ದು

ಮರುವರ್ಷ ಹಾವೇರಿಯಲ್ಲಿ ಸಂಬಂಧಿಕರ ಮದುವೆ. ಮದುವೆಮನೆಯಲ್ಲಿ ಗೃಹವಿಜ್ಞಾನ ಕಲಿಸಿ ನಿವೃತ್ತರಾದ ಅಕ್ಕೋರೊಬ್ಬರು ಪಕ್ಕದಲ್ಲಿ ಕೂತಿದ್ದರು. ನನ್ನ ಕೈ ಕಲೆ ನೋಡಿ ವಿಚಾರಿಸಿದರು. ಹೇಳಿದೆ. ನಗಲಿಲ್ಲ, ಪುಣ್ಯಾತಗಿತ್ತಿ!

"ಅಲ್ಲವಾ, ಬ್ಯಾಳಿ ಕುದಿಸೂದು ಬ್ಯಾರೆ, ಜಾಮ್ ಕುದಿಸೂದು ಬ್ಯಾರೆ. ಜಾಮ್ ಅಂದ್ರ ಹಣ್ಣಿನ ನೀರು ಹೊರಗ ಹೋಗಬೇಕು. ನೀ ಬಾಗಲಾ ಹಾಕ್ಕೊಂಡು ಕುಂತ್ರ ಅದು ಹೆಂಗ ಹೋಗಬೇಕು?" ಎಂದರು.

ಎಷ್ಟು ಸರಳ ಮಾತು! ಅವರು ಬಿಡಿಸಿ ಹೇಳಿದ್ದು ಹೀಗೆ: ಕುಕ್ಕರಿನಲ್ಲಿ ನೀರು ಉಗಿಯಾಗಿ, ಒತ್ತಡ ಹೆಚ್ಚಿ, ಒಳಗಿನ ಬಿಸಿ 100 ಡಿಗ್ರಿ ದಾಟಿ ಸುಮಾರು 120 ಡಿಗ್ರಿಯವರೆಗೆ ಏರುತ್ತದೆ. ಬೇಳೆ ಬೇಗ ಬೇಯುವುದು ಅದಕ್ಕೇ. ಆದರೆ ಹಣ್ಣಿಗೆ ಸಕ್ಕರೆ ಬಿದ್ದಕೂಡಲೆ ಪಾಕ ದಪ್ಪಗಾಗಿ ತಳ ಹಿಡಿಯುತ್ತದೆ. ನೊರೆ ಮೇಲೇರಿ ನಳಿಗೆ ಕಟ್ಟುತ್ತದೆ. ಉಗಿಗೆ ದಾರಿ ಇಲ್ಲವೆಂದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ. ಜಾಮ್ ಗಟ್ಟಿಯಾಗುವುದು ಸುಮಾರು 105 ಡಿಗ್ರಿಗೆ, ಅದೂ ತೆರೆದ ಪಾತ್ರೆಯಲ್ಲಿ ನೀರು ಆರಿದ ಮೇಲೆ.

ಹಾಗಾದರೆ ಕುಕ್ಕರ್ ಬೇಡವೇ? ಬೇಕು. ಹಣ್ಣು ಮೆತ್ತಗೆ ಮಾಡಲು ಬೇಕು, ಬಾಟಲಿ ಕುದಿಸಲು ಬೇಕು. ಕುಕ್ಕರ್ ಹಣ್ಣು ಬೇಯಿಸಲಿ, ಸಕ್ಕರೆ ಕಾಯುವುದು ನಮ್ಮ ಕೆಲಸ.

"ಸ್ಟ್ರಾಬೆರಿ ನಮ್ಮ ಕಡೆ ಹಣ್ಣಲ್ಲ ಬಿಡ್ರಿ ಅಕ್ಕೋರೆ, ನಮಗ ಬರಂಗಿಲ್ಲ" ಎಂದೆ. ಅದಕ್ಕವರು, "ಏಲಕ್ಕಿ ಹಾವೇರ್‍ಯಾಗ ಬೆಳೀತೈತೇನು? ಆದ್ರೂ ಏಲಕ್ಕಿ ಮಾಲೆ ಅಂದ್ರ ಹಾವೇರಿ ಅಂತಾರೋ ಇಲ್ಲೋ? ಕೈಯಾಗ ಕಸಬು ಇರಬೇಕವಾ" ಎಂದುಬಿಟ್ಟರು. ಅವರ ಮಾತು ನಂಬಿ ಮತ್ತೆ ಮಾಡಿದೆ. ಮೊದಲ ಸಲವೇ ಸರಿಬಂತು. ಇದೋ ನಿಮಗೂ ಆ ವಿಧಾನ.

ಬೇಕಾಗುವ ಸಾಮಾನು

ಸ್ಟ್ರಾಬೆರಿ 1 ಕಿಲೋ (ಮುಕ್ಕಾಲು ಪಾಲು ಹಣ್ಣಾದವು, ಕಾಲು ಪಾಲು ಸ್ವಲ್ಪ ಗಟ್ಟಿ ಇರುವವು), ಸಕ್ಕರೆ 750 ಗ್ರಾಂ, ಲಿಂಬೆಹಣ್ಣು 2, ದೋರೆಗಾಯಿ ಪೇರಲ ಸಣ್ಣದು 1, ತುಪ್ಪ ಅರ್ಧ ಟೀ ಚಮಚ.

ಪೇರಲ ಏಕೆ ಎನ್ನುವಿರಾ? ಜಾಮ್ ಹೆಪ್ಪುಗಟ್ಟಲು ಹಣ್ಣಿನಲ್ಲಿ ಪೆಕ್ಟಿನ್ ಎಂಬ ಅಂಟಿನ ಅಂಶ ಬೇಕು. ಸ್ಟ್ರಾಬೆರಿಯಲ್ಲಿ ಅದು ಕಡಿಮೆ, ಪೇರಲದಲ್ಲಿ ಧಾರಾಳ. ಲಿಂಬೆಯ ಹುಳಿ ಸೇರಿದರೆ ಆ ಅಂಟು ಚೆನ್ನಾಗಿ ಹಿಡಿಯುತ್ತದೆ. ಅಂಗಡಿಯಿಂದ ಪೆಕ್ಟಿನ್ ಪುಡಿ ತರುವ ಗೋಜೇ ಇಲ್ಲ.

ಮಾಡುವ ವಿಧಾನ

1. ಹಣ್ಣನ್ನು ತೊಟ್ಟಿನ ಸಮೇತ ತೊಳೆದು, ಬಟ್ಟೆಯ ಮೇಲೆ ಹರಡಿ ನೀರು ಆರಿಸಿ. ಆಮೇಲೆ ತೊಟ್ಟು ತೆಗೆದು ನಾಲ್ಕು ಹೋಳು ಮಾಡಿ. ತೊಟ್ಟು ತೆಗೆದು ತೊಳೆದರೆ ಹಣ್ಣು ನೀರು ಕುಡಿಯುತ್ತದೆ. ಕೊಳೆತದ್ದು, ಬೂಸ್ಟು ಹಿಡಿದದ್ದು ಒಂದೂ ಬೇಡ.

2. ಕುಕ್ಕರಿನ ತಳಕ್ಕೆ ಎರಡು ಲೋಟ ನೀರು ಹಾಕಿ. ಬೇಳೆ–ಅನ್ನ ಇಡುವ ಡಬ್ಬಿಗಳಲ್ಲಿ ಹಣ್ಣಿನ ಹೋಳು ಅರ್ಧದಷ್ಟು ಮಾತ್ರ ತುಂಬಿ. ಒಂದು ಬಟ್ಟಲಿನಲ್ಲಿ ಪೇರಲದ ಹೋಳುಗಳನ್ನು ಕಾಲು ಲೋಟ ನೀರಿನೊಂದಿಗೆ ಇಡಿ. ಸಕ್ಕರೆ ಒಂದು ಕಾಳೂ ಬೇಡ. ಒಂದು ಸೀಟಿ ಆದೊಡನೆ ಒಲೆ ಆರಿಸಿ. ಉಗಿ ತಾನಾಗಿ ಇಳಿಯುವವರೆಗೆ ಮುಚ್ಚಳ ಮುಟ್ಟಬೇಡಿ.

3. ದಪ್ಪ ತಳದ ಅಗಲವಾದ ಸ್ಟೀಲ್ ಪಾತ್ರೆಯನ್ನು ಖಾಲಿ ಇರುವಾಗಲೇ ತೂಗಿ, ತೂಕ ಬರೆದಿಟ್ಟುಕೊಳ್ಳಿ. ಹುಳಿ ಪದಾರ್ಥವಾದ್ದರಿಂದ ಅಲ್ಯುಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಬೇಡ. ಬೆಂದ ಹಣ್ಣನ್ನು ಕಡಗೋಲಿನಿಂದ ಹಗುರವಾಗಿ ಮಸೆದು ಪಾತ್ರೆಗೆ ಹಾಕಿ. ಮಿಕ್ಸಿಗೆ ಹಾಕಬೇಡಿ. ಬಿಸಿ ಹಣ್ಣು ಮಿಕ್ಸಿಯ ಮುಚ್ಚಳವನ್ನೂ ಹಾರಿಸುತ್ತದೆ, ಹೋಳು ಸಿಗದಿದ್ದರೆ ಜಾಮಿಗೆ ರುಚಿಯೂ ಇಲ್ಲ. ಪೇರಲವನ್ನು ಕಿವುಚಿ, ಬೀಜ ಬಾರದಂತೆ ಜರಡಿಯಲ್ಲಿ ಸೋಸಿ ಸೇರಿಸಿ. ಲಿಂಬೆರಸ ಹಿಂಡಿ.

4. ಸಣ್ಣ ಉರಿಯಲ್ಲಿ ಸಕ್ಕರೆ ಹಾಕಿ ಪೂರ್ತಿ ಕರಗಿಸಿ. ಕರಗಿದ ಮೇಲೆ ತುಪ್ಪ ಹಾಕಿ, ಉರಿ ದೊಡ್ಡದು ಮಾಡಿ, ಉದ್ದ ಹಿಡಿಕೆಯ ಸೌಟಿನಿಂದ ತಳ ಹಿಡಿಯದಂತೆ ತಿರುವುತ್ತಿರಿ. ತುಪ್ಪದಿಂದ ನೊರೆ ಇಳಿಯುತ್ತದೆ, ಉಳಿದ ನೊರೆ ತೆಗೆದುಬಿಡಿ. ಸುಮಾರು ಇಪ್ಪತ್ತು–ಇಪ್ಪತ್ತೈದು ನಿಮಿಷ ಬೇಕು.

ಹದ ನೋಡುವುದು ಹೇಗೆ?

ಒಂದು ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರಿಜ್ಜಿನಲ್ಲಿ ಇಟ್ಟಿರಿ. ಅದರ ಮೇಲೆ ಒಂದು ಹನಿ ಜಾಮ್ ಬಿಟ್ಟು, ಆರಿದ ಮೇಲೆ ಬೆರಳಿನಿಂದ ನೂಕಿ. ಮೇಲೆ ನೆರಿಗೆ ಬಂದರೆ ಹದವಾಯಿತು. ಪರೀಕ್ಷೆ ಮಾಡುವಾಗ ಪಾತ್ರೆ ಒಲೆಯಿಂದ ಇಳಿಸಿರಲಿ, ಇಲ್ಲವಾದರೆ ಅಷ್ಟರಲ್ಲಿ ಹದ ಮೀರುತ್ತದೆ.

ಇನ್ನೊಂದು ಉಪಾಯ ತೂಕದ್ದು. ಹಾಕಿದ ಸಕ್ಕರೆಯ ಒಂದೂವರೆ ಪಟ್ಟು ತೂಕಕ್ಕೆ ಜಾಮ್ ಇಳಿದರೆ ಸಾಕು. 750 ಗ್ರಾಂ ಸಕ್ಕರೆಗೆ 1 ಕಿಲೋ 125 ಗ್ರಾಂ. ಪಾತ್ರೆಯ ತೂಕ ಕಳೆದು ಲೆಕ್ಕ ಹಾಕಿ. ಅದಕ್ಕಿಂತ ಕೆಳಗೆ ಇಳಿಸಿದರೆ ಜಾಮ್ ಅಲ್ಲ, ಅಂಟುಂಡೆ!

ರಂಜಕದ ಶಿಸ್ತು

ಬಾಟಲಿಗಳನ್ನು ತೊಳೆದು, ಕುಕ್ಕರಿನ ಪಾತ್ರೆಯಲ್ಲೇ ನೀರು ತುಂಬಿ, ಮುಚ್ಚಳ ಹಾಕದೆ ಹದಿನೈದು ನಿಮಿಷ ಕುದಿಸಿ, ಬೋರಲು ಹಾಕಿ ಒಣಗಿಸಿ. ಬಾಟಲಿ ಬೆಚ್ಚಗಿರುವಾಗಲೇ, ಮರದ ಮಣೆಯ ಮೇಲಿಟ್ಟು, ಬಿಸಿ ಜಾಮ್ ತುಂಬಿ. ಕಲ್ಲಿನ ಕಟ್ಟೆಯ ಮೇಲಿಟ್ಟರೆ ಗಾಜು ಸೀಳುತ್ತದೆ.

ಇಲ್ಲಿಂದ ಮುಂದಿನದು ನನ್ನ ಅವ್ವ ಬ್ಯಾಡಗಿಯಲ್ಲಿ ಕೆಂಪು ಮೆಣಸಿನಕಾಯಿ ರಂಜಕ ಇಡುತ್ತಿದ್ದ ಶಿಸ್ತೇ. ಹಸಿ ಕೈ ಕೂಡದು, ಹಸಿ ಚಮಚ ಕೂಡದು, ಎಂಜಲು ಚಮಚವಂತೂ ದೂರ. ತೆರೆದ ಬಾಟಲಿ ಫ್ರಿಜ್ಜಿನಲ್ಲಿಟ್ಟು ತಿಂಗಳೊಳಗೆ ಮುಗಿಸಿ. ಬೂಸ್ಟು ಕಂಡರೆ ಮೇಲಿನದು ಕೆರೆದು ತಿನ್ನುವ ಲೋಭ ಬೇಡ, ಇಡೀ ಬಾಟಲಿ ಚೆಲ್ಲಿ.

ಬಣ್ಣ ಅಂಗಡಿಯದರಷ್ಟು ಹೊಳೆಯಲಿಲ್ಲವೆಂದು ಕೊರಗಬೇಡಿ. ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಇದರದೂ ಸ್ವಂತ ಬಣ್ಣ. ಹೆಚ್ಚು ಹೊತ್ತು ಕುದಿಸಿದಷ್ಟೂ ಕಪ್ಪಾಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಕಿಲೋ, ಅಗಲ ಪಾತ್ರೆ, ಜೋರು ಉರಿ. ನಿಯಮದ ಪ್ರಕಾರ ಮಾರಾಟದ ಜಾಮಿನಲ್ಲಿ ನೂರಕ್ಕೆ 45 ಭಾಗ ಹಣ್ಣಿರಬೇಕು, ಸ್ಟ್ರಾಬೆರಿ ಜಾಮಿಗಾದರೆ 25 ಭಾಗವಿದ್ದರೂ ನಡೆಯುತ್ತದೆ. ನಮ್ಮ ಬಾಟಲಿಯಲ್ಲಿ ಸಕ್ಕರೆಗಿಂತ ಹಣ್ಣೇ ಹೆಚ್ಚು ಬಿದ್ದಿದೆ!

ಹಾಗೆಂದು ಮಿತಿ ಮರೆಯಬಾರದು. ಒಂದು ದೊಡ್ಡ ಚಮಚ ಜಾಮಿನಲ್ಲಿ ಸುಮಾರು ಮೂರು ಟೀ ಚಮಚ ಸಕ್ಕರೆ ಇರುತ್ತದೆ. ಸಕ್ಕರೆ ಕಾಯಿಲೆಯವರಿಂದ ದೂರವಿಡಿ.

ಕುಕ್ಕರಿನ ಬಗ್ಗೆ ನಾಲ್ಕು ಮಾತು

ಪ್ರತಿ ಸಲ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದು, ಸೀಟಿಯ ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ರಬ್ಬರ್ ಗಟ್ಟಿಯಾಗಿದ್ದರೆ, ಸೀಳಿದ್ದರೆ ಬದಲಿಸಿ. ಸೇಫ್ಟಿ ವಾಲ್ವ್ ಆಯಾ ಕಂಪನಿಯದೇ ಇರಲಿ, ಹತ್ತು ರೂಪಾಯಿ ಉಳಿಸಲು ಹೋಗಬೇಡಿ. ಸೀಟಿ ಬರುವ ಹೊತ್ತಿಗೆ ಬರದಿದ್ದರೆ ಉರಿ ಏರಿಸಬೇಡಿ, ಆರಿಸಿ. ಪೂರ್ತಿ ತಣ್ಣಗಾಗುವವರೆಗೆ ಹತ್ತಿರ ಹೋಗಬೇಡಿ. ಕರೆಂಟಿನ ಕುಕ್ಕರಿನಲ್ಲೂ ಗಟ್ಟಿ ಪಾಕಕ್ಕೆ ಮುಚ್ಚಳ ಬಿಗಿಯಬೇಡಿ.

ಜಾಮ್, ಉಪ್ಪಿನಕಾಯಿ ಮಾಡುವುದನ್ನು ಇನ್ನೂ ಚೆನ್ನಾಗಿ ಕಲಿಯುವ ಆಸೆ ಇದ್ದವರು ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಮಾರುವ ಯೋಚನೆ ಇದ್ದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಯೇ ಮಾರಿ.

ಈ ವರ್ಷವೂ ಜಾಮ್ ಮಾಡಿದೆ. ಮಗನಿಗೆ ಹೊಸ್ತಿಲೇ ಲಕ್ಷ್ಮಣರೇಖೆ. ಅಲ್ಲೇ ನಿಂತು "ಆತೇನವ್ವಾ?" ಎಂದು ಹತ್ತು ಸಲ ಕೇಳಿದ. ಅತ್ತೆಯವರು ಒಂದು ಬೆರಳು ನೆಕ್ಕಿ, "ಮುಂದಿನ ಸಲ ಎರಡು ಬಾಟ್ಲಿ ಜಾಸ್ತಿ ಮಾಡವ್ವಾ, ಮಗಳಿಗೂ ಕಳಸೋಣು" ಎಂದರು. ಚಾವಣಿಯ ಕಲೆಗೆ ಸುಣ್ಣ ಹೊಡೆಸಿದ್ದೇವೆ. ಕೈಯ ಕಲೆ ಇದೆ, ಇರಲಿ. ಸಕ್ಕರೆ ಡಬ್ಬಿಗೆ ಕೈ ಹಾಕಿದಾಗಲೆಲ್ಲ ಅದು ಬುದ್ಧಿ ಹೇಳುತ್ತದೆ.

ನೀವೂ ಮಾಡಿ ನೋಡಿ. ಆದರೆ ಕುಕ್ಕರಿನ ಮುಚ್ಚಳ ಮುಚ್ಚುವ ಮುನ್ನ ಸಕ್ಕರೆ ಹೊರಗಿದೆಯೇ, ಮಕ್ಕಳು ದೂರವಿದ್ದಾರೆಯೇ ಎಂದು ಒಮ್ಮೆ ನೋಡಿಕೊಳ್ಳಿ.