ಸುಡದ ಮಣ್ಣಿನ ಕಣಜ

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದಲ್ಲಿ 1963ರಿಂದ ನಡೆದ ಉತ್ಖನನದಲ್ಲಿ ನವಶಿಲಾಯುಗದ ಮಡಕೆಗಳ ಚೂರುಗಳು ದೊರೆತವು. ಮೂರು ಸಾವಿರಕ್ಕೂ ಮಿಕ್ಕಿದ ವರ್ಷಗಳ ಮಳೆಗೆ ಅವು ಕರಗದೆ ಉಳಿದುದಕ್ಕೆ ಬೆಂಕಿಯೇ ಕಾರಣ. ಸುಮಾರು 600 ಡಿಗ್ರಿ ಸೆಂಟಿಗ್ರೇಡ್ ಶಾಖ ತಗುಲಿದ ಜೇಡಿಮಣ್ಣು ತನ್ನೊಳಗೆ ಅಡಗಿದ ನೀರನ್ನು ಕಳೆದುಕೊಂಡು ಬೇರೊಂದು ವಸ್ತುವೇ ಆಗುತ್ತದೆ. ಬಿಸಿಲಿಗೆ ಮಾತ್ರ ಒಣಗಿದ ಮಣ್ಣು ಎಷ್ಟೇ ಗಟ್ಟಿಯಾಗಿ ತೋರಿದರೂ ನೀರು ಸೋಕಿದೊಡನೆ ಮರಳಿ ಕೆಸರಾಗುವುದು. ಆದುದರಿಂದ ಸುಡದ ಪಾತ್ರೆಯಲ್ಲಿ ನೀರನ್ನಿಡಕೂಡದು. ಒಣ ಕಾಳನ್ನು ಧಾರಾಳವಾಗಿ ಇಡಬಹುದು. ಆವಿಗೆಯೂ ಸೌದೆಯೂ ಬೇಡದ ಮಣ್ಣಿನ ಕಣಜಕ್ಕೆ ಇದೇ ಆಧಾರ.

ಜೋಳದ ನಾಡಿನಲ್ಲಿ ಹಿಂದಿನವರು ನೆಲದೊಳಗಿನ ಹಗೇವನ್ನು ನಂಬಿದ್ದರು. ತುಂಗಭದ್ರಾ ಕಾಲುವೆಯ ನೀರು ಹರಿದ ಎರೆಭೂಮಿಯಲ್ಲಿ ನೆಲದ ತೇವ ಮೇಲೇರುವುದರಿಂದ ಅಂತಹ ಹಗೇವಿನಲ್ಲಿಟ್ಟ ಕಾಳು ಮುಗ್ಗುವ ಭಯ ಉಂಟು. ಅಲ್ಲಿ ನೆಲದ ಮೇಲಿನ ಕಣಜವೇ ಲೇಸು.

ಎಲ್ಲಕ್ಕಿಂತ ಮೊದಲು ಮಣ್ಣನ್ನು ಆರಿಸತಕ್ಕದ್ದು. ಎರೆಮಣ್ಣು ಹಸಿಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ ಸೀಳುವುದನ್ನು ಬೇಸಗೆಯ ಹೊಲದಲ್ಲಿ ಕಾಣದವರಿಲ್ಲ. ಅದೊಂದರಿಂದಲೇ ಕಟ್ಟಿದ ಕಣಜವೂ ಹಾಗೆಯೇ ಸೀಳುವುದು. ಕುರುಗೋಡಿನ ಗುಡ್ಡಗಳ ಬುಡದ ಮರಳು ಬೆರೆತ ಕೆಂಪು ಮಣ್ಣಿಗೆ ಕೆರೆಯ ಗೋಡು, ಕೊಚ್ಚಿದ ಹುಲ್ಲು, ಸಗಣಿ ಸೇರಿಸಿ ತುಳಿದು, ಕೆಲವು ದಿನ ಕೊಳೆಹಾಕಬೇಕು. ಒಂದು ಗೇಣುದ್ದದ ಬಿಲ್ಲೆಯನ್ನು ನೆರಳಿನಲ್ಲಿ ಒಣಗಿಸಿ ನೋಡಿದರೆ ಮಣ್ಣಿನ ಗುಣ ತಿಳಿಯುವುದು: ಬಿರುಕು ಬಿಟ್ಟರೆ ಮರಳು ಸಾಲದು, ಬೆರಳಿಗೆ ಉದುರಿದರೆ ಜೇಡಿ ಸಾಲದು.

ಗೋಡೆಯನ್ನು ದಿನಕ್ಕೆ ಒಂದು ಗೇಣಿಗಿಂತ ಹೆಚ್ಚು ಏರಿಸಬಾರದು. ಕೆಳಗಿನ ಸುತ್ತು ಬಿಗಿಯುವ ಮುನ್ನ ಮೇಲಿನದನ್ನಿಟ್ಟರೆ ಹೊಟ್ಟೆ ಉಬ್ಬುತ್ತದೆ. ಈ ಹದವನ್ನು ಮನೆಯ ಹೆಂಗಸರು ಬಲ್ಲಷ್ಟು ಗಂಡಸರು ಅರಿಯರು. ಅವರ ಮಾತನ್ನು ಕೇಳುವುದು ಒಳ್ಳೆಯದು. ಕಣಜವು ಸೂರಿನಡಿಯಲ್ಲಿ, ಕಲ್ಲಿನ ಕಟ್ಟೆಯ ಮೇಲೆ, ಮನೆಯ ಗೋಡೆಗೆ ತಗುಲದಂತೆ ಇರತಕ್ಕದ್ದು.

ಅನೇಕರ ಕಾಳು ಕೆಡುವುದು ಆತುರದಿಂದ. ಹೊರಮೈ ಬೆಳ್ಳಗಾದರೂ ಗೋಡೆಯ ಒಡಲು ಹಸಿಯಾಗಿರುತ್ತದೆ. ಆಗ ತುಂಬಿದರೆ ಗೋಡೆಗೆ ಒತ್ತಿದ ಕಾಳು ಬೂಷ್ಟು ಹಿಡಿಯುವುದು. ಕಾಳಿನಲ್ಲಿಯೂ ತೇವವು ನೂರಕ್ಕೆ 12ಕ್ಕಿಂತ ಹೆಚ್ಚಿರಬಾರದು. ಹಲ್ಲಿಗೆ ಟಕ್ಕೆಂದು ಒಡೆಯದ ಜೋಳವನ್ನು ಮತ್ತೆ ಬಿಸಿಲಿಗೆ ಹರಡಬೇಕು. ಹಳೆಯ ಕಣಜವಾದರೆ ಒಳಗೋಡೆಯನ್ನು ಕೆರೆದು ಹೊಸದಾಗಿ ಸಾರಿಸದೆ ತುಂಬಬಾರದು. ಸೀಳುಗಳಲ್ಲಿ ಅವಿತ ಹುಳುಗಳೇ ಮುಂದಿನ ವರ್ಷದ ಕಾಳನ್ನು ತಿನ್ನುವುವು.

ಅನುಕೂಲವುಳ್ಳವರು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ರೂಪಿಸಿದ ಪೂಸಾ ಕಣಜವನ್ನು ಕಟ್ಟಿಸಬಹುದು. ಅದರದೂ ಸುಡದ ಇಟ್ಟಿಗೆಯ ಗೋಡೆಯೇ. ಎರಡು ಗೋಡೆಗಳ ನಡುವೆ ಪಾಲಿಥೀನ್ ಹಾಳೆಯನ್ನಿಟ್ಟು ತೇವವನ್ನು ತಡೆಯುತ್ತಾರೆ. ಇಲಿಗಳು ಕೊರೆಯದಂತೆ ಹೊರಗೋಡೆಯ ಬುಡಕ್ಕೆ ಮಾತ್ರ ಸುಟ್ಟ ಇಟ್ಟಿಗೆ. ಗ್ರಾಮದ ಮುಖಂಡರು ಮೊದಲು ತಮ್ಮ ಮನೆಯಲ್ಲಿ ಒಂದನ್ನು ಕಟ್ಟಿಸಿದರೆ ಉಳಿದವರು ನೋಡಿ ಕಲಿಯುವರು.

ಹಿಂಗಾರಿ ಜೋಳಕ್ಕಾಗಿ ಕಟ್ಟುವವರು ಸಂಕ್ರಾಂತಿಯೊಳಗೆ ಕೆಲಸ ಮುಗಿಸಿದರೆ ಒಕ್ಕಣೆಯ ವೇಳೆಗೆ ಗೋಡೆ ಒಣಗಿರುತ್ತದೆ. ಸಿರುಗುಪ್ಪದ ಕಡೆಯ ಮುಂಗಾರು ಭತ್ತಕ್ಕೆ ಬೇಸಗೆಯಲ್ಲಿಯೇ ಕಟ್ಟಿಡಬೇಕು.